ಫಲಿತಾಂಶವೂ ಅಧ್ಯಾಪನವೂ: ಬೆಳಗಾವಿ–ಖಾನಾಪುರದ ಶಾಲೆಗಳನ್ನು ಕುರಿತು ಒಂದು ವಿಮರ್ಶೆ

೧

ಶಿಕ್ಷಕನ ದಕ್ಷತೆಯನ್ನು ಅಳೆಯುವ ಪ್ರಶ್ನೆ ಶಿಕ್ಷಣ ಇಲಾಖೆಯಷ್ಟೇ ಹಳೆಯದು. ಮಕ್ಕಳು ಕಲಿಯುತ್ತಿಲ್ಲವೆಂಬ ದೂರು ಎದ್ದಾಗಲೆಲ್ಲ ಅದರ ಬೆನ್ನಿಗೇ ಶಿಕ್ಷಕರು ದಕ್ಷರಲ್ಲವೆಂಬ ತೀರ್ಮಾನವೂ ಬರುತ್ತದೆ. ಆ ತೀರ್ಮಾನದಿಂದ ತರಬೇತಿ, ತನಿಖೆ, ಪರೀಕ್ಷೆ, ವರದಿ ಎಂಬ ಉಪಾಯಗಳು ಹುಟ್ಟುತ್ತವೆ. ಕೆಲವು ವರುಷಗಳು ಕಳೆದ ತರುವಾಯ ಅದೇ ದೂರು ಮತ್ತೆ ಕೇಳಿಬರುತ್ತದೆ. ಈ ಸುತ್ತು ಏಕೆ ತಪ್ಪುತ್ತಿಲ್ಲ? ದಕ್ಷತೆಯೆಂದರೇನು, ಅದು ಎಲ್ಲಿಂದ ಹುಟ್ಟುತ್ತದೆ ಎಂಬ ಮೂಲಪ್ರಶ್ನೆಯನ್ನು ಕೈಬಿಟ್ಟು ಅದರ ಅಳತೆಗೋಲನ್ನು ಮಾತ್ರ ಬದಲಾಯಿಸುತ್ತ ಬಂದಿರುವುದೇ ಇದಕ್ಕೆ ಕಾರಣವೆಂದು ನಮಗೆ ತೋರುತ್ತದೆ. ಪ್ರಸ್ತುತ ಲೇಖನದಲ್ಲಿ ಈ ವಿಷಯವನ್ನು ಬೆಳಗಾವಿ ನಗರ ಮತ್ತು ಖಾನಾಪುರ ತಾಲೂಕುಗಳ ಸಂದರ್ಭದಲ್ಲಿಟ್ಟು ವಿವೇಚಿಸಲು ಯತ್ನಿಸುತ್ತೇವೆ.

ಈ ಎರಡು ಸ್ಥಳಗಳನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಬೆಳಗಾವಿಯಿಂದ ಖಾನಾಪುರಕ್ಕೆ ಇಪ್ಪತ್ತೈದು ಕಿಲೋಮೀಟರಿಗಿಂತ ತುಸು ಹೆಚ್ಚಿನ ದಾರಿ. ಆದರೆ ಶಾಲೆಯ ದೃಷ್ಟಿಯಿಂದ ನೋಡಿದರೆ ಇವೆರಡರ ನಡುವಣ ಅಂತರ ಬಲು ದೊಡ್ಡದು. ನಗರದಲ್ಲಿ ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್ ಎಂಬ ನಾಲ್ಕು ಮಾಧ್ಯಮಗಳ ಶಾಲೆಗಳು ನಡೆಯುತ್ತವೆ. ತಂದೆತಾಯಿಗಳಿಗೆ ಆಯ್ಕೆಯುಂಟು, ಶಿಕ್ಷಕರಿಗೆ ಸಹೋದ್ಯೋಗಿಗಳುಂಟು. ಖಾನಾಪುರ ತಾಲೂಕು ತನ್ನೊಳಗೇ ಎರಡು ಬಗೆಯದು. ಬೀಡಿ, ಇಟಗಿ, ಕಕ್ಕೇರಿಗಳಿರುವ ಪೂರ್ವಭಾಗ ಬಯಲಿನ ಕನ್ನಡ ನೆಲ. ಜಾಂಬೋಟಿ, ಕಣಕುಂಬಿ, ಲೋಂಡಾಗಳಿರುವ ಪಶ್ಚಿಮಭಾಗ ಸಹ್ಯಾದ್ರಿಯ ಕಾಡು. ಮಲಪ್ರಭೆ ಹುಟ್ಟುವುದು ಇಲ್ಲಿಯೇ. ಅಲ್ಲಿನ ಬಹಳಷ್ಟು ಮನೆಗಳಲ್ಲಿ ಮರಾಠಿ ಇಲ್ಲವೆ ಕೊಂಕಣಿ ಆಡುಮಾತಾಗಿದೆ. ನಗರದ ದೊಡ್ಡ ಶಾಲೆಗೂ ಕಾಡಿನಂಚಿನ ಇಪ್ಪತ್ತು ಮಕ್ಕಳ ಶಾಲೆಗೂ ಒಂದೇ ಗೋಲನ್ನು ಹಿಡಿದು ಶಿಕ್ಷಕರ ದಕ್ಷತೆಯನ್ನು ಅಳೆಯುವುದು ಎಷ್ಟರಮಟ್ಟಿಗೆ ಯುಕ್ತವೆಂಬುದೇ ನಮ್ಮ ಮೊದಲ ಪ್ರಶ್ನೆ. ಶಿಕ್ಷಕನು ತನ್ನ ಕೆಲಸವನ್ನು ತಾನೇ ರೂಪಿಸುವವನಾದಾಗ ಮತ್ತು ಆ ಕೆಲಸದಲ್ಲಿ ಅವನಿಗೆ ಸಹವಾಸಿಗಳಿದ್ದಾಗ ದಕ್ಷತೆ ಬೆಳೆಯುತ್ತದೆ ಎಂಬುದು ನಮ್ಮ ಪ್ರತಿಪಾದನೆ. ಇದಕ್ಕೆ ಈ ಪ್ರದೇಶದ ಇತಿಹಾಸವೇ ಆಧಾರ ಒದಗಿಸುತ್ತದೆ.

೨

ಪರೀಕ್ಷೆಯ ಫಲಿತಾಂಶದಿಂದ ಶಿಕ್ಷಕನನ್ನು ಅಳೆಯುವ ಪದ್ಧತಿ ನಮ್ಮ ಕಾಲದ ಹೊಸ ಶೋಧವೇನೂ ಅಲ್ಲ. ಇಂಗ್ಲೆಂಡಿನಲ್ಲಿ ೧೮೬೨ರಲ್ಲಿ ರಾಬರ್ಟ್ ಲೋ ಎಂಬವನ ಮುಂದಾಳುತನದಲ್ಲಿ ಹೊಸ ನಿಯಮಾವಳಿ ಜಾರಿಗೆ ಬಂದಿತು. ಶಾಲೆಗೆ ಸಿಗುವ ಸಹಾಯಧನವು ಮಕ್ಕಳ ಹಾಜರಿಯ ಮೇಲೂ, ಓದು, ಬರಹ, ಲೆಕ್ಕಗಳಲ್ಲಿ ತನಿಖಾಧಿಕಾರಿ ನಡೆಸುವ ಪರೀಕ್ಷೆಯಲ್ಲಿ ಅವರು ಪಡೆಯುವ ಯಶಸ್ಸಿನ ಮೇಲೂ ನಿಂತಿತು. ಲೆಕ್ಕಕ್ಕೆ ಇದು ಬಲು ಅಚ್ಚುಕಟ್ಟಾದ ಏರ್ಪಾಡು. ಕಲಿಸಿದಷ್ಟಕ್ಕೆ ಹಣ, ಕಲಿಸದಿದ್ದರೆ ಹಣವಿಲ್ಲ. ಆದರೆ ಶಾಲೆಯೊಳಗೆ ನಡೆದದ್ದು ಬೇರೆ. ಪರೀಕ್ಷೆಯಲ್ಲಿಲ್ಲದ ವಿಷಯಗಳು ಮೂಲೆಗೆ ಸರಿದವು. ಪುಸ್ತಕ ಕಣ್ಮುಂದಿದ್ದರೂ ಮಕ್ಕಳು ಅದನ್ನು ಬಾಯಿಪಾಠವಾಗಿ ಒಪ್ಪಿಸತೊಡಗಿದರು. ಖಂಡಿತ ತೇರ್ಗಡೆಯಾಗುವ ಮಗುವನ್ನೂ ಎಂದಿಗೂ ತೇರ್ಗಡೆಯಾಗದ ಮಗುವನ್ನೂ ಬಿಟ್ಟು ನಡುವಿನವರ ಮೇಲೆ ಶ್ರಮವನ್ನೆಲ್ಲ ಸುರಿಯುವುದು ಶಿಕ್ಷಕನಿಗೆ ಲಾಭದಾಯಕವಾಯಿತು. ಸ್ವತಃ ಶಾಲಾ ತನಿಖಾಧಿಕಾರಿಯಾಗಿದ್ದ ಪ್ರಸಿದ್ಧ ಕವಿ, ವಿಮರ್ಶಕ ಮ್ಯಾಥ್ಯೂ ಆರ್ನಲ್ಡ್ ಈ ಪದ್ಧತಿಯನ್ನು ಬಲವಾಗಿ ವಿರೋಧಿಸಿದನು. ೧೮೯೦ರ ದಶಕದಲ್ಲಿ ಇಂಗ್ಲೆಂಡು ಅದನ್ನು ಕೈಬಿಟ್ಟಿತು.

ಬೆಳಗಾವಿ ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ಆ ಪ್ರಾಂತದಲ್ಲಿ ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡುವಲ್ಲಿಯೂ ಇದೇ ತತ್ವ ನಡೆಯಿತು. ೧೮೮೨ರ ಹಂಟರ್ ಆಯೋಗವು ದೇಶೀಯ ಪ್ರಾಥಮಿಕ ಶಾಲೆಗಳ ಮಟ್ಟಿಗೆ ಇದನ್ನು ಎತ್ತಿಹಿಡಿಯಿತು. ಕೊನೆಗೆ ಕರ್ಜನ್ ಕಾಲದ ೧೯೦೪ರ ಶಿಕ್ಷಣ ನೀತಿಯ ಠರಾವಿನಲ್ಲಿ ಸರ್ಕಾರವೇ ಈ ಪದ್ಧತಿಗೆ ವಿದಾಯ ಹೇಳಬೇಕಾಯಿತು. ನಾಲ್ಕು ದಶಕಗಳ ಅನುಭವದಿಂದ ಒಂದು ಮಾತು ಸ್ಪಷ್ಟವಾಗಿದ್ದಿತು: ಫಲಿತಾಂಶಕ್ಕೆ ಬೆಲೆ ಕಟ್ಟಿದಾಗ ಶಾಲೆ ಫಲಿತಾಂಶವನ್ನು ತಯಾರಿಸುತ್ತದೆ, ಅದರೊಡನೆ ಕಲಿಕೆಯೂ ಬರುತ್ತದೆಂಬ ಭರವಸೆ ಇಲ್ಲ.

ಹಣದ ಲೆಕ್ಕ ಹೋಯಿತು. ಆದರೆ ಅದರ ಹಿಂದಿನ ಮನೋಧರ್ಮ ಉಳಿಯಿತು. ಇಂದಿಗೂ ಶಾಲೆಯ, ತಾಲೂಕಿನ, ಜಿಲ್ಲೆಯ ಹೆಸರು ಎಸ್.ಎಸ್.ಎಲ್.ಸಿ. ಫಲಿತಾಂಶದ ಸ್ಥಾನದಿಂದ ನಿರ್ಧಾರವಾಗುತ್ತದೆ. ಈ ಅಳತೆಗೋಲಿನ ಯೋಗ್ಯತೆಯನ್ನು ಪರೀಕ್ಷಿಸಲು ಇತ್ತೀಚಿನ ಒಂದು ಉದಾಹರಣೆ ಸಾಕು. ೨೦೨೩ರಲ್ಲಿ ರಾಜ್ಯದ ಫಲಿತಾಂಶ ಪ್ರತಿಶತ ೮೩.೮೯ ಇದ್ದಿತು. ೨೦೨೪ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮೂಲಕ ನಿಗಾವಹಿಸಲಾಯಿತು. ಫಲಿತಾಂಶ ಪ್ರತಿಶತ ೭೩.೪೦ಕ್ಕೆ ಇಳಿಯಿತು. ಅದೂ ಕೃಪಾಂಕದ ಮಿತಿಯನ್ನು ಪ್ರತಿಶತ ೧೦ರಿಂದ ೨೦ಕ್ಕೆ ಏರಿಸಿದ ಮೇಲೆ ಬಂದ ಅಂಕಿ. ಒಂದೇ ವರುಷದಲ್ಲಿ ರಾಜ್ಯದ ಶಿಕ್ಷಕರೆಲ್ಲರ ದಕ್ಷತೆ ಇಷ್ಟು ಕುಸಿಯಿತೆಂದು ಯಾರೂ ಹೇಳಲಾರರು. ಬದಲಾದುದು ಮೇಲ್ವಿಚಾರಣೆ. ಕ್ಯಾಮೆರಾ ಇಟ್ಟದ್ದು ತಪ್ಪೆಂದು ನಾವು ಹೇಳುತ್ತಿಲ್ಲ, ಪರೀಕ್ಷೆ ಪ್ರಾಮಾಣಿಕವಾಗಿರಲೇಬೇಕು. ಆದರೆ ಮೇಲ್ವಿಚಾರಣೆ ಬದಲಾದ ಮಾತ್ರಕ್ಕೆ ಹತ್ತಕ್ಕಿಂತ ಹೆಚ್ಚು ಅಂಶ ಏರಿಳಿಯುವ ಸಂಖ್ಯೆಯನ್ನು ಅಧ್ಯಾಪನದ ಅಳತೆಯೆಂದು ನಂಬುವುದು ಹೇಗೆ?

ಇನ್ನೊಂದು ದೋಷವನ್ನೂ ಗಮನಿಸಬೇಕು. ಹತ್ತನೆಯ ತರಗತಿಯ ಪರೀಕ್ಷೆ ಬಹಳ ತಡವಾಗಿ ಬರುತ್ತದೆ. ಗ್ರಾಮೀಣ ಭಾರತದಲ್ಲಿ ಐದನೆಯ ತರಗತಿಯ ಮಕ್ಕಳ ಪೈಕಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ೨೦೧೮ರಲ್ಲಿ ಪ್ರತಿಶತ ೫೦.೫, ೨೦೨೨ರಲ್ಲಿ ೪೨.೮, ೨೦೨೪ರಲ್ಲಿ ೪೮.೮ ಎಂದು ‘ಅಸರ್’ ಸಮೀಕ್ಷೆಗಳು ತೋರಿಸಿವೆ. ಸುಮಾರು ಅರ್ಧದಷ್ಟು ಮಕ್ಕಳು ಓದಿನ ಹೊಸ್ತಿಲನ್ನು ದಾಟದೆಯೇ ಮುಂದಿನ ತರಗತಿಗಳಿಗೆ ಹೋಗುತ್ತಿದ್ದಾರೆ. ಬುನಾದಿಯ ಬಿರುಕನ್ನು ಮಾಳಿಗೆಯ ಮೇಲೆ ನಿಂತು ಹುಡುಕಿದಂತೆ ಹತ್ತನೆಯ ತರಗತಿಯ ಫಲಿತಾಂಶದಲ್ಲಿ ಅದರ ಕಾರಣವನ್ನು ಅರಸುವುದು ವ್ಯರ್ಥ. ಪ್ರೌಢಶಾಲೆಯ ಗಣಿತದ ಶಿಕ್ಷಕನು ತಾನು ಎಂದೂ ಕಾಣದ ಎರಡನೆಯ ತರಗತಿಯ ಕೊರತೆಗೆ ಉತ್ತರ ಕೊಡಬೇಕಾಗುತ್ತದೆ.

೩

ಹಾಗಾದರೆ ಶಿಕ್ಷಕರ ಕೆಲಸ ನಿಜವಾಗಿ ಸುಧಾರಿಸಿದ ಸಂದರ್ಭ ಈ ಭಾಗದಲ್ಲಿ ಎಂದಾದರೂ ಇದ್ದಿತೆ? ಇದ್ದಿತು. ಅದನ್ನು ಕಾಣಲು ಹತ್ತೊಂಬತ್ತನೆಯ ಶತಮಾನದ ಬೆಳಗಾವಿಗೆ ಹೋಗಬೇಕು.

೧೮೧೮ರಲ್ಲಿ ಪೇಶವೆಯರ ಆಡಳಿತ ಮುಗಿದ ಮೇಲೆ ಬೆಳಗಾವಿ, ಧಾರವಾಡ ಭಾಗಗಳು ಮುಂಬಯಿ ಆಡಳಿತಕ್ಕೆ ಸೇರಿದವು. ಕಚೇರಿಯ ವ್ಯವಹಾರದಂತೆ ಸರ್ಕಾರಿ ಶಾಲೆಗಳಲ್ಲಿಯೂ ಮರಾಠಿಗೇ ಪ್ರಾಧಾನ್ಯವಿದ್ದಿತು. ಕನ್ನಡ ಮನೆಮಾತಿನ ಮಗು ತನಗೆ ತಿಳಿಯದ ನುಡಿಯಲ್ಲಿ ಓದು ಕಲಿಯಬೇಕಾಗಿದ್ದಿತು. ಧಾರವಾಡದಲ್ಲಿ ವಾಲ್ಟರ್ ಎಲಿಯಟ್ ಕನ್ನಡ ಶಾಲೆಗಾಗಿ ಮಾಡಿದ ಪ್ರಯತ್ನ ಪ್ರಸಿದ್ಧವಾಗಿದೆ. ೧೮೫೪ರ ವುಡ್‌ನ ನಿರೂಪದ ಫಲವಾಗಿ ಮರುವರುಷ ಮುಂಬಯಿಯಲ್ಲಿ ಶಿಕ್ಷಣ ಇಲಾಖೆ ರೂಪುಗೊಂಡಿತು. ಆ ಇಲಾಖೆಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ ದುಡಿದ ಚನ್ನಬಸಪ್ಪನವರ ಹೆಸರು ಜನರ ಬಾಯಲ್ಲಿ ಡೆಪ್ಯುಟಿ ಚನ್ನಬಸಪ್ಪನವರೆಂದೇ ನಿಂತಿತು. ೧೮೮೧ರಲ್ಲಿ ತೀರಿಕೊಳ್ಳುವವರೆಗೆ ಅವರು ಕನ್ನಡ ಶಾಲೆಗಳನ್ನು ತೆರೆಯುವುದಕ್ಕೂ ಕನ್ನಡ ಶಿಕ್ಷಕರನ್ನು ಸಿದ್ಧಪಡಿಸುವುದಕ್ಕೂ ಶ್ರಮಿಸಿದರು; ಶೇಕ್ಸ್‌ಪಿಯರನ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದವರೂ ಅವರೇ.

ಚನ್ನಬಸಪ್ಪನವರನ್ನು ಕನ್ನಡದ ಉದ್ಧಾರಕರೆಂದು ಸ್ತುತಿಸುವುದು ರೂಢಿ. ಆ ಸ್ತುತಿ ಯೋಗ್ಯವಾದುದೇ. ಆದರೆ ಶಿಕ್ಷಣದ ದೃಷ್ಟಿಯಿಂದ ಅವರ ಕಾರ್ಯದ ಸ್ವರೂಪವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕಾಗಿದೆ. ಮಕ್ಕಳು ಕಲಿಯುತ್ತಿಲ್ಲವೆಂಬುದು ಅವರ ಕಾಲದಲ್ಲಿಯೂ ನಿಜವಾಗಿದ್ದಿತು. ಶಿಕ್ಷಕರನ್ನು ಗದರಿಸಿ, ದಂಡಿಸಿ ಆ ಕೊರತೆಯನ್ನು ತುಂಬಬಹುದೆಂದು ಇಲಾಖೆ ಯೋಚಿಸಬಹುದಾಗಿದ್ದಿತು. ಆದರೆ ಮಗುವಿಗೂ ಪಾಠಕ್ಕೂ ನಡುವೆ ಭಾಷೆಯೇ ಅಡ್ಡಗೋಡೆಯಾಗಿರುವಾಗ ಎಷ್ಟು ದಕ್ಷನಾದ ಮಾಸ್ತರನೂ ಸೋಲಬೇಕಾದುದೇ. ಆ ಗೋಡೆಯನ್ನು ತೆಗೆದುದರಿಂದ ಅದೇ ಮಾಸ್ತರನ ಅದೇ ಶ್ರಮ ಫಲಕ್ಕೆ ಬರುವಂತಾಯಿತು. ತನಿಖೆಗೆ ಬಂದ ಅಧಿಕಾರಿ ಶಿಕ್ಷಕನ ತಪ್ಪುಗಳನ್ನು ಪಟ್ಟಿಮಾಡುವುದಕ್ಕಿಂತ ಅವನ ದಾರಿಯ ತೊಡಕನ್ನು ಗುರುತಿಸಿ ತೆಗೆಯುವುದು ಹೆಚ್ಚಿನ ಕೆಲಸವೆಂಬುದಕ್ಕೆ ಇದು ಉತ್ತಮ ನಿದರ್ಶನ.

ಅವರ ಕಾಲದ ಇನ್ನೊಂದು ಸಾಧನೆಯೂ ಇಷ್ಟೇ ಮಹತ್ವದ್ದು. ೧೮೬೦ರ ದಶಕದಲ್ಲಿ ಶಿಕ್ಷಕರಿಗಾಗಿ ‘ಮಠಪತ್ರಿಕೆ’ ಹೊರಟಿತು. ಅದರ ಪರಂಪರೆ ಮುಂದೆ ಧಾರವಾಡದಲ್ಲಿ ‘ಶಾಲಾಪತ್ರಿಕೆ’ಯಾಗಿ, ಅನಂತರ ‘ಜೀವನ ಶಿಕ್ಷಣ’ವಾಗಿ ಮುಂದುವರಿಯಿತು. ಶಾಲೆಗೆ ‘ಮಠ’ವೆಂಬ ಹಳೆಯ ಹೆಸರಿದ್ದ ಕಾಲ ಅದು, ಪತ್ರಿಕೆಯ ಹೆಸರೇ ಊರ ಶಾಲೆಯಿಂದ ಬಂದುದು. ಮುಲ್ಕಿ ಪರೀಕ್ಷೆ ಮುಗಿಸಿ ಹಳ್ಳಿಯೊಂದರಲ್ಲಿ ಒಂಟಿಯಾಗಿ ದುಡಿಯುವ ಮಾಸ್ತರನಿಗೆ ಬೇರೆ ಶಾಲೆಯ ಮಾಸ್ತರನು ಏನು ಮಾಡುತ್ತಿದ್ದಾನೆಂಬುದು ತಿಳಿಯುವ ದಾರಿ ಬಲು ಕಡಿಮೆ. ಇಂಥ ಪತ್ರಿಕೆ ಅವನನ್ನು ಒಂದು ಬಳಗದ ಸದಸ್ಯನನ್ನಾಗಿ ಮಾಡುತ್ತದೆ. ಅವನು ಓದುಗನಾಗಿ, ಒಮ್ಮೊಮ್ಮೆ ಬರೆಹಗಾರನೂ ಆಗಿ ತನ್ನ ವೃತ್ತಿಯನ್ನು ಕುರಿತು ಯೋಚಿಸತೊಡಗುತ್ತಾನೆ.

ನಗರದ ಇತಿಹಾಸದಲ್ಲಿ ಇದೇ ಸತ್ಯವನ್ನು ತೋರುವ ಮತ್ತೊಂದು ಘಟನೆ ೧೯೧೬ರದು. ಆ ವರುಷ ಏಳು ಮಂದಿ ಶಿಕ್ಷಕರು ಕೂಡಿ ಬೆಳಗಾವಿಯಲ್ಲಿ ಒಂದು ಆಂಗ್ಲೋ ವರ್ನಾಕ್ಯುಲರ್ ಶಾಲೆಯನ್ನು ತೆರೆದು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗೆ ಬುನಾದಿ ಹಾಕಿದರು. ಅದೇ ಶಾಲೆ ಮುಂದೆ ಗಿಲಗಂಚಿ ಅರಟಾಳ ಹೈಸ್ಕೂಲಾಗಿ ಬೆಳೆಯಿತು. ದಾನಿಗಳ ಔದಾರ್ಯ ಅದಕ್ಕೆ ಬೆಂಬಲವಾಯಿತು, ನಿಜ. ಆದರೆ ಶಾಲೆಯ ಕನಸು ಶಿಕ್ಷಕರದ್ದಾಗಿದ್ದಿತು. ಸಂಸ್ಥೆಗಳು ಬೆಳೆದು ದೊಡ್ಡವಾದಾಗ ಶಿಕ್ಷಕನು ಸ್ಥಾಪಕನ ಸ್ಥಾನದಿಂದ ನೌಕರನ ಸ್ಥಾನಕ್ಕೆ ಇಳಿಯುವುದು ಎಲ್ಲೆಡೆಯ ಅನುಭವ. ದಕ್ಷತೆಯ ಚರ್ಚೆಯಲ್ಲಿ ಈ ಇಳಿಕೆಯನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ.

೪

ಇನ್ನು ಖಾನಾಪುರದ ಕಡೆಗೆ ತಿರುಗೋಣ. ಶಿಕ್ಷಣ ಹಕ್ಕಿನ ೨೦೦೯ರ ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಈ ತರಗತಿಗಳಿಗೆ ವರುಷಕ್ಕೆ ೨೦೦ ಕೆಲಸದ ದಿನಗಳು, ೮೦೦ ಬೋಧನೆಯ ಗಂಟೆಗಳು ಎಂದೂ ಅದೇ ಕಾಯಿದೆ ಹೇಳುತ್ತದೆ. ಕಾಡಿನಂಚಿನ ಇಪ್ಪತ್ತು ಇಪ್ಪತ್ತೈದು ಮಕ್ಕಳ ಶಾಲೆಗೆ ಇದನ್ನು ಅನ್ವಯಿಸಿ ಲೆಕ್ಕ ಹಾಕೋಣ. ಇಬ್ಬರು ಶಿಕ್ಷಕರು, ಐದು ತರಗತಿಗಳು. ತರಗತಿಗಳನ್ನು ಬೇರೆ ಬೇರೆಯಾಗಿ ಕಲಿಸಿದರೆ ಒಂದು ತರಗತಿಗೆ ಶಿಕ್ಷಕನ ಪೂರ್ಣ ಗಮನ ದೊರೆಯುವುದು ೮೦೦ ಗಂಟೆಗಳಲ್ಲಿ ೩೨೦ ಮಾತ್ರ. ಇಬ್ಬರಲ್ಲಿ ಒಬ್ಬರು ಸಭೆಗೋ ತರಬೇತಿಗೋ ಕಚೇರಿಯ ಕೆಲಸಕ್ಕೋ ಹೋದ ದಿನಗಳಲ್ಲಿ ಅದೂ ಅರ್ಧವಾಗುತ್ತದೆ. ಒಂದು ಹುದ್ದೆ ಖಾಲಿಯಿದ್ದು ವರುಷದ ಮಟ್ಟಿಗೆ ಗೌರವಧನದ ಮೇಲೆ ಅತಿಥಿ ಶಿಕ್ಷಕರನ್ನು ನೇಮಿಸಿಕೊಂಡರೆ, ಮುಂದಿನ ವರುಷ ಆ ಮಕ್ಕಳನ್ನು ಬಲ್ಲವರು ಅಲ್ಲಿರುವರೆಂಬ ಭರವಸೆ ಇಲ್ಲ. ತರಗತಿಗೊಬ್ಬ ಶಿಕ್ಷಕನಿರುವ ನಗರದ ಶಾಲೆಯೊಡನೆ ಈ ಶಾಲೆಯನ್ನು ಹೋಲಿಸುವವನು ೮೦೦ನ್ನೂ ೩೨೦ನ್ನೂ ಸಮವೆಂದು ಎಣಿಸಿದಂತಾಯಿತು.

ಇದರ ಮೇಲೆ ಮಳೆಗಾಲ. ಶಾಲೆ ತೆರೆಯುವ ಹೊತ್ತಿಗೇ ಪಶ್ಚಿಮದ ಈ ಭಾಗದಲ್ಲಿ ಮಳೆ ಹಿಡಿಯುತ್ತದೆ. ಹಳ್ಳಗಳು ತುಂಬಿ ಹರಿಯುವ ದಿನಗಳಲ್ಲಿ ಚದುರಿದ ವಾಡಿಗಳಿಂದ ಮಕ್ಕಳು ಬರುವುದು ದುಸ್ತರ. ೨೦೧೧ರಲ್ಲಿ ವನ್ಯಧಾಮವೆಂದು ಘೋಷಿತವಾದ ಭೀಮಗಡದ ಒಳಗೂ ಅಂಚಿನಲ್ಲಿಯೂ ಜನವಸತಿಗಳಿವೆ. ಅಲ್ಲಿ ಶಾಲೆಯ ದಾರಿ ಕಾಡಿನ ದಾರಿಯೇ. ಒಂದು ವಾರ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ. ಎಲ್ಲರಿಗೂ ಒಂದೇ ದಿನ ಒಂದೇ ಪಾಠವೆಂಬ ಪದ್ಧತಿಯಲ್ಲಿ ಈ ಮಗು ಪ್ರತಿ ಮಳೆಗಾಲದಲ್ಲಿಯೂ ಸ್ವಲ್ಪ ಸ್ವಲ್ಪವಾಗಿ ಹಿಂದೆ ಬೀಳುತ್ತದೆ. ಹಿಂದೆ ಬಿದ್ದುದನ್ನು ಅದರ ಬುದ್ಧಿಯ ಕೊರತೆಯೆಂದೋ ಶಿಕ್ಷಕನ ಆಲಸ್ಯವೆಂದೋ ದಾಖಲಿಸುವುದು ಸುಲಭವಾಗುತ್ತದೆ.

೫

ಇಂಥದೇ ಸನ್ನಿವೇಶವನ್ನು ಎದುರಿಸಿದ ಇನ್ನೊಂದು ಕಾಡಿನ ತಾಲೂಕು ನಮ್ಮ ರಾಜ್ಯದ ದಕ್ಷಿಣ ತುದಿಯಲ್ಲಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲೆಗಳ ಕೆಲವು ಶಿಕ್ಷಕರು ೧೯೯೫ರಲ್ಲಿ ಆಂಧ್ರಪ್ರದೇಶದ ಮದನಪಲ್ಲೆಯ ಬಳಿಯ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳ ಬಹುತರಗತಿ ಬೋಧನೆಯನ್ನು ಕಂಡುಬಂದರು. ಯುನಿಸೆಫ್ ಸಂಸ್ಥೆಯ ನೆರವಿನಿಂದ ಅದನ್ನು ತಮ್ಮ ಮಕ್ಕಳಿಗೆ ಒಗ್ಗುವಂತೆ ತಾವೇ ರೂಪಿಸಿದರು. ‘ನಲಿ–ಕಲಿ’ ಹುಟ್ಟಿದ್ದು ಹೀಗೆ.

ಅದರ ಕಾರ್ಯವಿಧಾನ ಸರಳವೂ ಜಾಣ್ಮೆಯದ್ದೂ ಆಗಿದೆ. ಪಠ್ಯವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಪ್ರತಿ ಮೆಟ್ಟಿಲಿಗೂ ಕಾರ್ಡುಗಳನ್ನು ಮಾಡಲಾಗುತ್ತದೆ. ಮಗು ತನ್ನ ವೇಗದಲ್ಲಿ ಏಣಿಯನ್ನು ಏರುತ್ತದೆ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಐದು ಗುಂಪುಗಳಾಗಿ ಕೂಡುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ ನೆರವು, ಮತ್ತೆರಡಕ್ಕೆ ಇದೇ ಕ್ರಮದಲ್ಲಿ ಸಹಪಾಠಿಗಳ ನೆರವು, ಕೊನೆಯದು ಸ್ವಕಲಿಕೆ. ವಾರ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಇಬ್ಬರು ಶಿಕ್ಷಕರಿಗೆ ಐದು ತರಗತಿಗಳೆಂಬ ಲೆಕ್ಕಕ್ಕೂ, ಮಳೆಗಾಲದ ಗೈರುಹಾಜರಿಗೂ ಇದಕ್ಕಿಂತ ನೇರವಾದ ಉತ್ತರ ಸಿಗುವುದು ಕಠಿಣ. ಅಕ್ಷರಕಲಿಕೆಯ ಕ್ರಮದಲ್ಲಿಯೂ ಇದೇ ವಿವೇಕ ಕಾಣುತ್ತದೆ. ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಪ್ರಾರಂಭಿಸಿದುದರಿಂದ ಮಗು ಕೆಲವೇ ದಿನಗಳಲ್ಲಿ ಸರ, ಅರಸ, ಗರಗಸ ಎಂಬ ಪೂರ್ಣ ಶಬ್ದಗಳನ್ನು ಓದಬಲ್ಲದು. ಓದಿದ್ದು ಅರ್ಥವಾದ ಸಂತೋಷ ಅದಕ್ಕೆ ಮೊದಲ ವಾರಗಳಲ್ಲಿಯೇ ದೊರೆಯುತ್ತದೆ.

೨೦೦೯–೧೦ರಿಂದ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವಿಸ್ತಾರವಾಯಿತು. ವಿಮರ್ಶೆಯ ಅಗತ್ಯ ಉಂಟಾಗುವುದು ಇಲ್ಲಿಯೇ. ಹೆಗ್ಗಡದೇವನಕೋಟೆಯ ಶಿಕ್ಷಕನು ಕಾರ್ಡನ್ನು ಮಾಡಿದವನು; ಯಾವ ಮೆಟ್ಟಿಲು ಏಕೆ ಅಲ್ಲಿದೆಯೆಂಬುದನ್ನು ಬಲ್ಲವನು; ಮಗು ಎಡವಿದಲ್ಲಿ ಹೊಸ ಕಾರ್ಡನ್ನು ಸೇರಿಸಬಲ್ಲವನು. ಬೇರೆ ಜಿಲ್ಲೆಯ ಶಿಕ್ಷಕನಿಗೆ ಕಾರ್ಡುಗಳು ಆದೇಶದೊಡನೆ ಬಂದವು. ಕಾರ್ಡುಗಳು ಅಚ್ಚಾಗಿ ಬರಬಹುದು. ಅವುಗಳನ್ನು ಮಾಡಿದ ಅನುಭವ ಅಚ್ಚಾಗಿ ಬರಲಾರದು. ಆ ಅನುಭವವಿಲ್ಲದ ಕಡೆ ಏಣಿ ಇನ್ನೊಂದು ಪಠ್ಯಪುಸ್ತಕವಾಗಿಯೂ, ಪ್ರಗತಿಯ ನೋಟ ಇನ್ನೊಂದು ದಾಖಲೆಯಾಗಿಯೂ ಮಾರ್ಪಡುವ ಅಪಾಯ ಇದ್ದೇ ಇದೆ.

ಖಾನಾಪುರದ ಪಶ್ಚಿಮಭಾಗದಲ್ಲಿ ಈ ಅಪಾಯಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಮನೆಯಲ್ಲಿ ಮರಾಠಿಯಾಡುವ ಮಗುವೊಂದು ಕನ್ನಡ ಶಾಲೆಗೆ ಸೇರಿತೆಂದು ಭಾವಿಸೋಣ. ‘ಸರ’ವೆಂಬ ಶಬ್ದವನ್ನು ಓದಿದಾಗ ಕನ್ನಡದ ಮಗು ಕೊರಳ ಸರವನ್ನು ನೆನೆಯುತ್ತದೆ, ಮರಾಠಿಯಲ್ಲಿ ಸುರಿದು ನಿಲ್ಲುವ ಮಳೆಗೂ ‘ಸರ’ವೆಂಬ ಹೆಸರುಂಟು. ‘ಅರಸ’ನೆಂಬುದು ಮರಾಠಿಯ ಕಿವಿಗೆ ಕನ್ನಡಿಯೆಂಬ ಅರ್ಥದ ‘ಆರಸಾ’ಕ್ಕೆ ಹತ್ತಿರ. ‘ಗರಗಸ’ ಅದರ ಮನೆಯಲ್ಲಿ ‘ಕರವತ’. ಐದು ಅಕ್ಷರಗಳನ್ನು ಕಲಿತ ಮಗುವಿಗೆ ಓದಿನ ಸಂತೋಷವನ್ನು ಕೊಡಬೇಕೆಂದು ಆರಿಸಿದ ಶಬ್ದಗಳೇ ಈ ಮಗುವಿಗೆ ಒಗಟುಗಳಾಗುತ್ತವೆ. ಇದರಲ್ಲಿ ಮಗುವಿನ ದೋಷವಿಲ್ಲ. ಪದ್ಧತಿಯ ದೋಷವೂ ಇಲ್ಲ. ಇದನ್ನು ಬಲ್ಲ ಶಿಕ್ಷಕನು ‘ಸರ’ದ ಕಾರ್ಡಿನ ಪಕ್ಕದಲ್ಲಿ ಮಳೆಯ ಚಿತ್ರವನ್ನೂ ಕೊರಳ ಸರದ ಚಿತ್ರವನ್ನೂ ಇಟ್ಟು ಎರಡು ನುಡಿಗಳ ನಡುವೆ ಮಾತು ತೆಗೆಯಬಲ್ಲನು. ಆ ಒಂದು ಕಾರ್ಡು ಮಗುವಿಗೆ ಕನ್ನಡದ ಬಾಗಿಲನ್ನು ತೆರೆಯುತ್ತದೆ. ಆದರೆ ಆ ಕಾರ್ಡನ್ನು ಮಾಡುವ ಅಧಿಕಾರವೂ ಬಿಡುವೂ ಅವನಿಗೆ ಇರಬೇಕಲ್ಲವೆ?

ಕನ್ನಡ ಭಾಷಾ ಕಲಿಕೆಯ ೨೦೧೫ರ ಕಾಯಿದೆಯಿಂದ ಮರಾಠಿ ಮಾಧ್ಯಮದ ಶಾಲೆಗಳಲ್ಲಿಯೂ ಕನ್ನಡದ ಬೋಧನೆ ನಡೆಯಬೇಕಾಗಿದೆ. ಅದು ಸಾರ್ಥಕವಾಗುವುದು ಕೂಡ ಇಂಥ ಶಿಕ್ಷಕನಿಂದಲೇ. ಒಂದು ಕಾಲಕ್ಕೆ ಕನ್ನಡದ ಮಗು ಮರಾಠಿಯ ಪಾಠದ ಎದುರು ಮೂಕವಾಗಿ ಕುಳಿತಿದ್ದಿತು. ಚನ್ನಬಸಪ್ಪನವರು ಅದರ ಪಕ್ಷವನ್ನು ವಹಿಸಿದರು. ಇಂದು ಮರಾಠಿಯ, ಕೊಂಕಣಿಯ ಮಗು ಕನ್ನಡದ ಪಾಠದ ಎದುರು ಹಾಗೆ ಕುಳಿತರೆ ಅದರ ಪಕ್ಷವನ್ನು ವಹಿಸುವುದು ಅವರ ಪರಂಪರೆಗೆ ಒಪ್ಪುವ ಕೆಲಸವೇ ಆಗಿದೆ. ಗಡಿಯ ವಾದವಿವಾದಗಳ ಗದ್ದಲದಲ್ಲಿ ಈ ಸಣ್ಣ ಮಾತು ಮರೆಯಾಗಬಾರದು.

೬

ನಮ್ಮ ಪ್ರತಿಪಾದನೆಗೆ ಎರಡು ಆಕ್ಷೇಪಗಳು ಬರಬಹುದು. ಶಿಕ್ಷಕರಲ್ಲಿ ಅಲಕ್ಷ್ಯವುಳ್ಳವರೂ ಇ

ದ್ದಾರೆ, ತನಿಖೆಯಿಲ್ಲದೆ ಅವರನ್ನು ದಾರಿಗೆ ತರುವುದು ಹೇಗೆ ಎಂಬುದು ಮೊದಲನೆಯದು. ಅಂಥವರಿದ್ದಾರೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ತನಿಖೆ ಬೇಡವೆಂಬುದೂ ನಮ್ಮ ಅಭಿಪ್ರಾಯವಲ್ಲ. ತನಿಖೆ ಏನನ್ನು ನೋಡಬೇಕೆಂಬುದೇ ಪ್ರಶ್ನೆ. ವರುಷದ ಪ್ರಾರಂಭದಲ್ಲಿ ಈ ಮಗು ಏನನ್ನು ಓದುತ್ತಿದ್ದಿತು, ಕೊನೆಯಲ್ಲಿ ಏನನ್ನು ಓದುತ್ತಿದೆ ಎಂದು ಮಗುವನ್ನು ಅದರ ಹಿಂದಿನ ಸ್ಥಿತಿಯೊಡನೆಯೇ ಹೋಲಿಸಿದರೆ ನಗರದ ಶಿಕ್ಷಕನಿಗೂ ಕಾಡಿನ ಶಿಕ್ಷಕನಿಗೂ ನ್ಯಾಯ ದೊರೆಯುತ್ತದೆ. ಈ ಲೆಕ್ಕವನ್ನು ಶಿಕ್ಷಕನೇ ಇಡಲಿ. ಅದು ಅವನ ಕೈಯ ಉಪಕರಣವಾಗಲಿ. ಶಿಕ್ಷೆಗೂ ಬಹುಮಾನಕ್ಕೂ ಅದನ್ನು ಜೋಡಿಸಿದ ದಿನವೇ ೧೮೬೨ರ ಕಥೆ ಮರಳಿ ಪ್ರಾರಂಭವಾಗುತ್ತದೆ.

ಎರಡನೆಯ ಆಕ್ಷೇಪ ಸಣ್ಣ ಶಾಲೆಗಳನ್ನು ಕುರಿತದ್ದು. ಇಂಥ ಶಾಲೆಗಳನ್ನು ಮುಚ್ಚಿ ಮಕ್ಕಳನ್ನು ದೊಡ್ಡ ಶಾಲೆಗೆ ಸೇರಿಸಿದರೆ ತರಗತಿಗೊಬ್ಬ ಶಿಕ್ಷಕನನ್ನು ಕೊಡಬಹುದಲ್ಲವೆ ಎನ್ನುವವರುಂಟು. ಬಯಲಿನಲ್ಲಿ, ಒಳ್ಳೆಯ ರಸ್ತೆಯೂ ವಾಹನವೂ ಇರುವಲ್ಲಿ ಈ ವಾದಕ್ಕೆ ಬೆಲೆಯಿದೆ. ಆದರೆ ಐದಾರು ವಯಸ್ಸಿನ ಮಗು ಹಳ್ಳ ದಾಟಿ ಕಾಡಿನ ದಾರಿಯಲ್ಲಿ ಹೋಗಬೇಕಾದಲ್ಲಿ ಶಾಲೆಯನ್ನು ದೂರ ಮಾಡುವುದೆಂದರೆ ಮಳೆಗಾಲದ ಮಟ್ಟಿಗೆ ಶಾಲೆಯನ್ನೇ ಇಲ್ಲವಾಗಿಸಿದಂತೆ. ಅಲ್ಲಿ ಬಹುತರಗತಿ ಬೋಧನೆಯನ್ನು ಅನಿವಾರ್ಯವಾದ ಕೇಡೆಂದು ಭಾವಿಸದೆ, ಅದಕ್ಕೆ ತಕ್ಕ ವಿದ್ಯೆಯನ್ನು ಶಿಕ್ಷಕರಿಗೆ ಒದಗಿಸುವುದೇ ವಿವೇಕದ ದಾರಿ.

ಹಾಗಾದರೆ ಮಾಡಬೇಕಾದುದೇನು? ಹೊಸ ಯೋಜನೆಯೊಂದನ್ನು ಸೂಚಿಸುವ ಉದ್ದೇಶ ನಮಗಿಲ್ಲ. ಇರುವುದರೊಳಗೇ ಮಾಡಬಹುದಾದ ಒಂದು ಕಾರ್ಯವನ್ನು ಮಾತ್ರ ಮುಂದಿಡುತ್ತೇವೆ. ಕ್ಲಸ್ಟರ್ ಮಟ್ಟದಲ್ಲಿ ಶಿಕ್ಷಕರ ಸಮಾಲೋಚನಾ ಸಭೆಯೆಂಬ ವ್ಯವಸ್ಥೆ ನಮ್ಮಲ್ಲಿ ಈಗಾಗಲೇ ಇದೆ. ಸುತ್ತೋಲೆಗಳನ್ನು ತಿಳಿಸುವುದಕ್ಕೂ ಅಂಕಿಅಂಶಗಳನ್ನು ಸಂಗ್ರಹಿಸುವುದಕ್ಕೂ ಆ ವೇಳೆ ಕಳೆದುಹೋಗದಂತೆ ಕಾಪಾಡಿ, ಪ್ರತಿ ಸಭೆಯಲ್ಲಿ ಒಂದೇ ಒಂದು ಪಾಠವನ್ನು ಎತ್ತಿಕೊಳ್ಳಬೇಕು. ಒಬ್ಬರು ಕಲಿಸಲಿ, ಉಳಿದವರು ಮಕ್ಕಳನ್ನು ಗಮನಿಸಲಿ. ಬಳಿಕ ಎಲ್ಲರೂ ಕೂಡಿ ಮಗು ಎಲ್ಲಿ ಎಡವಿತೆಂಬುದನ್ನು ಚರ್ಚಿಸಲಿ. ಜಪಾನಿನ ಶಾಲೆಗಳಲ್ಲಿ ‘ಪಾಠದ ಅಧ್ಯಯನ’ವೆಂಬ ಈ ಕ್ರಮ ಬಹುಕಾಲದಿಂದ ರೂಢಿಯಲ್ಲಿದೆ. ಜಾಂಬೋಟಿಯ ಕಡೆಯ ಶಿಕ್ಷಕರು ಹೀಗೆ ಕೂಡಿ ಒಂದು ವರುಷ ದುಡಿದರೆ, ತಮ್ಮ ಮಕ್ಕಳ ಮರಾಠಿ, ಕೊಂಕಣಿ, ಕನ್ನಡ ನುಡಿಗಳನ್ನು ಬೆಸೆಯುವ ನೂರು ಕಾರ್ಡುಗಳನ್ನಾದರೂ ಸಿದ್ಧಪಡಿಸಬಲ್ಲರು. ಅದು ಅವರ ಸ್ವಂತ ಕೃತಿಯಾಗುತ್ತದೆ. ವರ್ಗವಾಗಿ ಬರುವ ಹೊಸ ಶಿಕ್ಷಕನಿಗೂ ಅತಿಥಿ ಶಿಕ್ಷಕನಿಗೂ ಕೈದೀವಿಗೆಯಾಗುತ್ತದೆ.

ಈ ಕಾರ್ಯದಲ್ಲಿ ಕಾಲೇಜುಗಳಿಗೂ ಪಾಲುಂಟು. ಹಳ್ಳಿಯ ಶಾಲೆಯಲ್ಲಿ ಓದನ್ನು ಸರಿಯಾಗಿ ಕಲಿಯದ ಮಗು ಹೇಗೋ ದಾಟಿ ನಮ್ಮ ತರಗತಿಗೆ ಬಂದಾಗ ಅದರ ಬುನಾದಿಯನ್ನು ಹಳಿಯುತ್ತೇವೆ. ಪ್ರೌಢಶಾಲೆ ಪ್ರಾಥಮಿಕ ಶಾಲೆಯನ್ನು ಹಳಿಯುತ್ತದೆ. ಪ್ರಾಥಮಿಕ ಶಾಲೆ ತಂದೆತಾಯಿಗಳನ್ನು ಹಳಿಯುತ್ತದೆ. ಬೆಳಗಾವಿಯ ಕಾಲೇಜುಗಳಲ್ಲಿ ಖಾನಾಪುರದ ವಿದ್ಯಾರ್ಥಿಗಳಿದ್ದಾರೆ; ಎರಡು ಮೂರು ನುಡಿಗಳನ್ನು ಅವರು ಮನೆಯಿಂದಲೇ ಕಲಿತು ಬಂದಿದ್ದಾರೆ. ಕಾಡಂಚಿನ ಶಾಲೆಯ ಶಬ್ದಕೋಶವನ್ನು ಸಂಗ್ರಹಿಸುವುದಕ್ಕೆ ಅವರಿಗಿಂತ ಯೋಗ್ಯರಾದವರು ಯಾರು? ಭಾಷಾ ವಿಭಾಗಗಳು ಈ ಸಂಗ್ರಹವನ್ನೂ, ಇತಿಹಾಸ ವಿಭಾಗಗಳು ಹಳೆಯ ಶಾಲೆಗಳ ದಾಖಲೆಪುಸ್ತಕಗಳ ಅಧ್ಯಯನವನ್ನೂ ಕೈಗೊಂಡರೆ ಶಿಕ್ಷಕರಿಗೆ ನಿಜವಾದ ನೆರವಾಗುತ್ತದೆ. ಬರುವ ಶೈಕ್ಷಣಿಕ ವರುಷದಲ್ಲಿ ಒಂದು ಕ್ಲಸ್ಟರಿನ ಶಿಕ್ಷಕರೊಡನೆ ಒಂದು ಕಾಲೇಜು ಕೂಡಿ ದುಡಿದರೂ ಕೆಲಸಕ್ಕೆ ಪ್ರಾರಂಭವಾದಂತೆ. ವಾಚಕರಲ್ಲಿ ಯಾರಾದರೂ ಇದನ್ನು ಕೈಗೆತ್ತಿಕೊಂಡು, ಅದರಿಂದ ಕಂಡುಬಂದ ಗುಣದೋಷಗಳನ್ನು ಮುಂದಿನ ಸಂಚಿಕೆಯಲ್ಲಿ ಬರೆದು ನಮ್ಮ ಈ ವಿವೇಚನೆಯನ್ನು ತಿದ್ದಿದರೆ ಅದಕ್ಕಿಂತ ಹೆಚ್ಚಿನದನ್ನು ನಾವು ಅಪೇಕ್ಷಿಸುವುದಿಲ್ಲ.